ಹುಡುಗರ ಮಾತು, ಹಿರಿಯರ ಮುನಿಸು

ಕಾಲೇಜಿನ ಅಂಗಳದಲ್ಲಿ ಕೇಳಿಬರುವ ಕನ್ನಡವನ್ನು ಕುರಿತು ಹಿರಿಯರಲ್ಲಿ ಬಹಳ ಅಸಮಾಧಾನವಿದೆ. ಗೆಳೆಯನನ್ನು ‘ಮಗಾ’ ಎಂದು ಕರೆಯುವುದು, ಮೆಚ್ಚಿದುದೆಲ್ಲವನ್ನೂ ‘ಸಖತ್’ ಎಂದುಬಿಡುವುದು, ಸುಳ್ಳಾಡುವವನು ‘ಕಾಗೆ ಹಾರಿಸುತ್ತಾನೆ’ ಎನ್ನುವುದು, ನಮ್ಮಂತಹ ಉಪನ್ಯಾಸಕರ ಪಾಠ ನೀರಸವಾದರೆ ‘ಕುಯ್ಯುತ್ತಾರೆ’ ಎನ್ನುವುದು, ಇವುಗಳನ್ನು ಕೇಳಿ ಹಿರಿಯರು ಮುಖ ಸಿಂಡರಿಸುತ್ತಾರೆ. ಭಾಷೆ ಕೆಟ್ಟಿತು, ಸಂಸ್ಕಾರ ಕೆಟ್ಟಿತು ಎಂದು ನೊಂದುಕೊಳ್ಳುತ್ತಾರೆ. ಹುಡುಗರಾದರೋ ಹಿರಿಯರಿಗೆ ಕಾಲದ ಪರಿಜ್ಞಾನವಿಲ್ಲವೆಂದು ನಕ್ಕು ಸುಮ್ಮನಾಗುತ್ತಾರೆ. ಈ ವ್ಯಾಜ್ಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುವವರಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವುಂಟು. ದೂರದರ್ಶಕ, ಸೂಕ್ಷ್ಮದರ್ಶಕಗಳಿಗಿಂತ ಮೊದಲು ವಿಜ್ಞಾನಿಯ ಕೈಗೆ ಬರುವ ಉಪಕರಣವೆಂದರೆ ಮಾತು. ಆ ಉಪಕರಣ ನಿಜವಾಗಿ ಕೆಟ್ಟಿದೆಯೇ, ಕೆಟ್ಟಿದ್ದರೆ ಯಾವ ಭಾಗದಲ್ಲಿ ಕೆಟ್ಟಿದೆ ಎಂಬುದನ್ನು ಪರೀಕ್ಷಿಸಿ ನೋಡುವುದು ನಮಗೂ ಸಂಬಂಧಿಸಿದ ವಿಷಯವೇ ಆಗಿದೆ.

ಮೊದಲನೆಯದಾಗಿ, ಈ ಮುನಿಸು ಹೊಸದಲ್ಲ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಕನ್ನಡದ ದೇಸಿಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಅವುಗಳ ದೋಷಗಳನ್ನು ಅರಿಯಹೊರಟರೆ ಸರ್ಪರಾಜನಾದ ವಾಸುಕಿಗೂ ಬೇಸರ ಬಂದೀತು ಎಂಬ ಅಭಿಪ್ರಾಯ ಅದರಲ್ಲಿದೆ. ಜನರಾಡುವ ಮಾತಿನ ಬಗೆಗಿನ ಬೇಸರ ನಮ್ಮ ಮೊದಲ ಗ್ರಂಥದಲ್ಲಿಯೇ ದಾಖಲಾಗಿದೆಯೆಂದಾಯಿತು. ಅನಂತರ 1,100ಕ್ಕೂ ಹೆಚ್ಚು ವರ್ಷಗಳ ಕಾಲ ಕನ್ನಡ ಬಾಳಿದೆ, ಬೆಳೆದಿದೆ. ಇಪ್ಪತ್ತನೆಯ ಶತಮಾನದಲ್ಲಿ ಟಿ. ಪಿ. ಕೈಲಾಸಂ (1884–1946) ಅವರು ವಿದ್ಯಾವಂತರ ಮನೆಗಳಲ್ಲಿ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನೇ ರಂಗದ ಮೇಲೆ ತಂದರು. ಅವರು ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ ಬಂದವರು. ಬಂಡೆಯ ಪದರಗಳನ್ನು ಗುರುತಿಸಲು ಕಲಿತವರಿಗೆ ಮಾತಿನ ಪದರಗಳೂ ಕಂಡಿದ್ದರೆ ಆಶ್ಚರ್ಯವಿಲ್ಲ.

ಹುಡುಗರ ಮಾತುಗಳಲ್ಲಿ ಕೆಲವನ್ನು ಬಿಡಿಸಿ ನೋಡಿದರೆ ಅವು ಎಷ್ಟು ದೂರದಿಂದ ಬಂದಿವೆಯೆಂಬುದು ತಿಳಿಯುತ್ತದೆ. ‘ಸಖತ್’ ಎಂಬುದು ಪಾರಸಿಯ ‘ಸಖ್ತ್’. ಅದರ ಮೂಲಾರ್ಥ ಗಟ್ಟಿಯಾದ, ಕಠಿಣವಾದ ಎಂದು. ‘ಮಚ್ಚಾ’ ಎಂಬುದು ತಮಿಳಿನಲ್ಲಿ ಭಾವಮೈದುನನನ್ನು ಕರೆಯುವ ಶಬ್ದ. ಹರಿದ ಬಟ್ಟೆಯ ಚೂರಾದ ‘ಚಿಂದಿ’ ಇಂದು ಹೊಗಳಿಕೆಯ ಮಾತಾಗಿದೆ. ‘ಗುರು’ ಎಂಬ ಶಬ್ದದ ಗತಿಯಂತೂ ವಿನೋದಕರವಾದುದು. ಹುಡುಗರು ಒಬ್ಬರನ್ನೊಬ್ಬರು ‘ಗುರು’ ಎಂದು ಕರೆಯುತ್ತಾರೆ. ನಿಜವಾದ ಗುರುಗಳಿಗೆ ‘ಸಾರ್’ ಎಂಬ ಇಂಗ್ಲಿಷ್ ಶಬ್ದವನ್ನು ಬಿಟ್ಟುಕೊಟ್ಟಿದ್ದಾರೆ.

ಇಂತಹ ಮಾತುಗಳ ಪ್ರಯೋಜನವೇನು? ಇವು ಒಂದು ಗುಂಪಿನ ಗುರುತಿನ ಚೀಟಿಗಳು. ಈ ಮಾತು ತಿಳಿದವನು ನಮ್ಮವನು, ತಿಳಿಯದವನು ಹೊರಗಿನವನು. ಹಿರಿಯರ ಸಿಟ್ಟಿಗೆ ಬಹುಮಟ್ಟಿಗೆ ಇದೇ ಕಾರಣವೆಂದು ನಮಗೆ ತೋರುತ್ತದೆ. ಮಾತು ಅಶುದ್ಧವೆಂಬುದಕ್ಕಿಂತ ಹೆಚ್ಚಾಗಿ, ತಮ್ಮ ಮನೆಯ ಮಕ್ಕಳ ಮಾತಿಗೆ ತಾವೇ ಹೊರಗಿನವರಾದೆವಲ್ಲ ಎಂಬುದು ಅವರನ್ನು ಚುಚ್ಚುತ್ತದೆ. ಹಿರಿಯರೂ ಆ ಮಾತನ್ನು ಕಲಿತು ಆಡತೊಡಗಿದರೆಂದರೆ ಹುಡುಗರು ಅದನ್ನು ಕೈಬಿಟ್ಟು ಬೇರೊಂದನ್ನು ಹಿಡಿಯುತ್ತಾರೆ; ಎಲ್ಲರ ಕೈಯಲ್ಲಿಯೂ ಇರುವ ಚೀಟಿಯಿಂದ ಗುರುತು ಸಿಕ್ಕುವುದಿಲ್ಲವಷ್ಟೆ.

ವಿಜ್ಞಾನಿಗಳು ಈ ಚಪಲದಿಂದ ಮುಕ್ತರೆಂದು ಭಾವಿಸಬೇಕಾಗಿಲ್ಲ. 1942ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜಗಳನ್ನು ಕುರಿತು ಕೆಲಸಮಾಡುತ್ತಿದ್ದ ಹಾಲೋವೇ ಮತ್ತು ಬೇಕರ್ ಎಂಬ ಇಬ್ಬರು ಭೌತವಿಜ್ಞಾನಿಗಳಿಗೆ, ನ್ಯೂಟ್ರಾನಿನಂತಹ ಕಣಕ್ಕೆ ಬೀಜವು ಎಷ್ಟು ದೊಡ್ಡ ಗುರಿಯಾಗಿ ಕಾಣುತ್ತದೆ ಎಂಬುದನ್ನು ಹೇಳಲು ಒಂದು ಹೆಸರು ಬೇಕಾಯಿತು. ಅವರು ಆರಿಸಿಕೊಂಡುದು ‘ಬಾರ್ನ್’ ಎಂಬ ಶಬ್ದವನ್ನು. ಅಂದರೆ ಹಳ್ಳಿಯ ರೈತನು ಹುಲ್ಲು, ಧಾನ್ಯ ತುಂಬುವ ದೊಡ್ಡ ಕೊಟ್ಟಿಗೆ. ಬೀಜದ ಲೆಕ್ಕದಲ್ಲಿ ಈ ಗುರಿ ಕೊಟ್ಟಿಗೆಯಷ್ಟು ದೊಡ್ಡದು ಎಂಬ ತಮಾಷೆ ಅದರಲ್ಲಿತ್ತು. ಯುದ್ಧದ ಕಾಲವಾದುದರಿಂದ ಹೊರಗಿನವರಿಗೆ ಅರ್ಥವಾಗದೆ ಇರುವ ಅನುಕೂಲವೂ ಇತ್ತು. ವಿಶ್ವದ ಆರಂಭವನ್ನು ಸೂಚಿಸುವ ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನು 1949ರಲ್ಲಿ ಬಿ.ಬಿ.ಸಿ. ರೇಡಿಯೋ ಭಾಷಣದಲ್ಲಿ ಬಳಸಿದವರು, ಆ ಸಿದ್ಧಾಂತವನ್ನು ಒಪ್ಪದಿದ್ದ ಫ್ರೆಡ್ ಹಾಯ್ಲ್. ‘ಕ್ವಾರ್ಕ್’ ಎಂಬ ಹೆಸರಿನ ವರ್ಣವಿನ್ಯಾಸವನ್ನು ಮರ್ರೆ ಗೆಲ್‌ಮನ್ 1964ರಲ್ಲಿ ಜೇಮ್ಸ್ ಜಾಯ್ಸನ ಕಾದಂಬರಿಯೊಂದರಿಂದ ಎತ್ತಿಕೊಂಡರು. ಅಷ್ಟೇಕೆ, 1834ರಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡ ‘ಸೈಂಟಿಸ್ಟ್’ ಎಂಬ ಶಬ್ದವೇ ಹಲವು ದಶಕಗಳ ಕಾಲ ಇಂಗ್ಲೆಂಡಿನ ಅನೇಕ ವಿದ್ವಾಂಸರಿಗೆ ಅಸಹ್ಯವಾಗಿತ್ತು. ಆ ಶಬ್ದವನ್ನು ಟಂಕಿಸಿದವರು ವಿಲಿಯಂ ವ್ಯೂವೆಲ್. ಫ್ಯಾರಡೇಗೆ ಆನೋಡ್, ಕ್ಯಾಥೋಡ್ ಎಂಬ ಶಬ್ದಗಳನ್ನು ಸೂಚಿಸಿದವರೂ ಅವರೇ.

ಹುಟ್ಟು ತಮಾಷೆಯದಾದರೂ ‘ಬಾರ್ನ್’ ಇಂದು ಭೌತಶಾಸ್ತ್ರದ ಗೌರವಾನ್ವಿತ ಮಾನವಾಗಿದೆ. ಹೇಗೆ? ಅದಕ್ಕೆ ನಿಷ್ಕೃಷ್ಟವಾದ ಒಂದು ಬೆಲೆಯನ್ನು ಕಟ್ಟಲಾಯಿತು. 1ರ ಮುಂದೆ 28 ಸೊನ್ನೆಗಳನ್ನಿಟ್ಟು, ಆ ಸಂಖ್ಯೆಯಿಂದ ಒಂದು ಚದರ ಮೀಟರನ್ನು ಭಾಗಿಸಿದರೆ ಬರುವ ವಿಸ್ತೀರ್ಣವೇ ಒಂದು ಬಾರ್ನ್. ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ. ನಮ್ಮ ಮನೆಗಳಲ್ಲಿಯೂ ಇದಕ್ಕೆ ಉದಾಹರಣೆಯಿದೆ. ವಿದ್ಯುತ್ತಿನ ಬಿಲ್ಲು ಬಂದಾಗ ಎಲ್ಲರೂ ‘ಎಷ್ಟು ಯೂನಿಟ್ ಆಯಿತು?’ ಎಂದೇ ಕೇಳುತ್ತಾರೆ. ‘ಯೂನಿಟ್’ ಎಂದರೆ ಬರಿಯ ಮಾನ. ಯಾವುದರ ಮಾನವೆಂದು ಶಬ್ದ ಹೇಳುವುದಿಲ್ಲ. ಆದರೂ ಅದು ಒಂದು ಕಿಲೋವಾಟ್-ಗಂಟೆ, ಅಂದರೆ 36 ಲಕ್ಷ ಜೌಲ್ ಶಕ್ತಿ ಎಂಬುದು ಗೊತ್ತಾಗಿರುವುದರಿಂದ ಯಾರಿಗೂ ಗೊಂದಲವಿಲ್ಲ. ಆದುದರಿಂದ ಒಂದು ಮಾತಿನ ಯೋಗ್ಯತೆಯನ್ನು ಅದರ ಕುಲದಿಂದ ಅಳೆಯಬಾರದು. ಅದು ಒಂದು ವಸ್ತುವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸಬಲ್ಲುದೇ ಎಂಬುದರಿಂದ ಅಳೆಯಬೇಕು.

ಈ ಅಳತೆಗೋಲನ್ನು ಹಿಡಿದಾಗ ಹುಡುಗರ ಮಾತಿನಲ್ಲಿ ನಿಜವಾದ ಒಂದು ಕೊರತೆ ಕಾಣುತ್ತದೆ. ಊಟ ಸಖತ್, ಸಿನಿಮಾ ಸಖತ್, ಮಳೆ ಸಖತ್, ನ್ಯೂಟನ್ನನ ನಿಯಮವೂ ಸಖತ್! ಉಷ್ಣಮಾಪಕದ ಮೇಲೆ ಒಂದೇ ಒಂದು ಗೆರೆಯಿದ್ದರೆ ಅದರಿಂದ ಜ್ವರವನ್ನು ಅಳೆಯಲು ಬರುವುದಿಲ್ಲ. ರುಚಿ, ಸೊಗಸು, ಬಿರುಸು, ಆಳ ಇವುಗಳಲ್ಲಿರುವ ಭೇದ ಒಂದೇ ಶಬ್ದದಲ್ಲಿ ಅಡಗಿಹೋದಾಗ, ಆ ಭೇದವನ್ನು ಕಾಣುವ ಅಭ್ಯಾಸವೂ ಮೆಲ್ಲನೆ ತಪ್ಪಿಹೋಗಬಹುದು. ವಿಜ್ಞಾನದ ವಿದ್ಯಾರ್ಥಿಗೆ ಇದು ಸಣ್ಣ ನಷ್ಟವಲ್ಲ. ಆದರೆ ಹಿರಿಯರೂ ಈ ದೋಷಕ್ಕೆ ಹೊರತಲ್ಲ. ಬಲ, ಶಕ್ತಿ, ಸಾಮರ್ಥ್ಯ ಈ ಮೂರೂ ಶುದ್ಧವಾದ, ಗೌರವದ ಶಬ್ದಗಳು. ದಿನದ ಮಾತಿನಲ್ಲಿ ಹಿರಿಯರು ಒಂದರ ಸ್ಥಾನದಲ್ಲಿ ಇನ್ನೊಂದನ್ನು ನಿಶ್ಚಿಂತೆಯಿಂದ ಬಳಸುತ್ತಾರೆ. ಭೌತಶಾಸ್ತ್ರದಲ್ಲಾದರೋ ಮೊದಲನೆಯದನ್ನು ನ್ಯೂಟನ್ನಿನಲ್ಲಿ, ಎರಡನೆಯದನ್ನು ಜೌಲಿನಲ್ಲಿ, ಮೂರನೆಯದನ್ನು ವಾಟಿನಲ್ಲಿ ಅಳೆಯಬೇಕು. ಜವವೂ ವೇಗವೂ ಹೀಗೆಯೇ. ದಿಕ್ಕನ್ನು ಗಣಿಸಿದರೆ ವೇಗ, ಗಣಿಸದಿದ್ದರೆ ಜವ. ಶಬ್ದ ಶುದ್ಧವಾಗಿದ್ದ ಮಾತ್ರಕ್ಕೆ ಯೋಚನೆ ಸ್ಪಷ್ಟವಾಗುವುದಿಲ್ಲ.

ಹುಡುಗರ ಮಾತಿನಲ್ಲಿ ಇನ್ನೊಂದು ದೋಷವುಂಟು. ಅದು ಕೆಲವು ವೇಳೆ ಜೊತೆಗಾರರನ್ನೇ ನೋಯಿಸುತ್ತದೆ. ವಿಷಯವನ್ನು ತಡವಾಗಿ ಗ್ರಹಿಸುವವನನ್ನು ‘ಟ್ಯೂಬ್‌ಲೈಟ್’ ಎಂದು ಹಾಸ್ಯಮಾಡುವುದು ಎಲ್ಲ ಕಾಲೇಜುಗಳಲ್ಲಿಯೂ ಇದೆ. ಹಳೆಯ ಬಗೆಯ ಕೊಳವೆ ದೀಪದಲ್ಲಿ, ಗುಂಡಿ ಒತ್ತಿದೊಡನೆ ಬೆಳಕು ಬರುತ್ತಿರಲಿಲ್ಲ. ಮೊದಲು ಸ್ಟಾರ್ಟರಿನೊಳಗಿನ ಎರಡು ಲೋಹಗಳ ಪಟ್ಟಿ ಕಾದು ಬಾಗಿ ಮಂಡಲವನ್ನು ಪೂರ್ಣಗೊಳಿಸಬೇಕು; ಕೊಳವೆಯ ಎರಡು ತುದಿಗಳ ತಂತಿಗಳು ಕಾಯಬೇಕು; ಪಟ್ಟಿ ಆರಿ ಮತ್ತೆ ಬಿಟ್ಟುಕೊಂಡಾಗ ಚೋಕಿನಿಂದ ಹೆಚ್ಚಿನ ವೋಲ್ಟೇಜು ಹೊಮ್ಮಿ ಒಳಗಿನ ಅನಿಲದ ಮೂಲಕ ವಿದ್ಯುತ್ತು ಹರಿಯಬೇಕು. ಒಂದೆರಡು ಬಾರಿ ಮಿಣುಕಿ, ಆಮೇಲೆ ದೀಪ ಹೊತ್ತಿಕೊಳ್ಳುತ್ತಿತ್ತು. ಈಗಿನ ಎಲ್.ಇ.ಡಿ. ಕೊಳವೆಗಳು ಕೂಡಲೇ ಬೆಳಗುತ್ತವೆ. ದೀಪ ಬದಲಾದರೂ ಬೈಗುಳು ಮಾತ್ರ ಉಳಿದುಕೊಂಡಿದೆ. ಆದರೆ ಹಾಸ್ಯ ಮಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕ್ಷಣಮಾತ್ರದಲ್ಲಿ ಬೆಳಗುತ್ತಿದ್ದ ತಂತಿಯ ಬಲ್ಬು ತಾನು ಪಡೆದ ಶಕ್ತಿಯ ಬಹುಭಾಗವನ್ನು ಕಾವಾಗಿ ಕಳೆದುಬಿಡುತ್ತಿತ್ತು. ತಡಮಾಡಿ ಹೊತ್ತುತ್ತಿದ್ದ ಕೊಳವೆಯಾದರೋ ಅಷ್ಟೇ ವಿದ್ಯುತ್ತಿಗೆ ಅದರ ನಾಲ್ಕು ಪಟ್ಟಿನಷ್ಟು ಬೆಳಕನ್ನು ಕೊಡುತ್ತಿತ್ತು. ನಿಧಾನವಾಗಿ ಅರ್ಥಮಾಡಿಕೊಳ್ಳುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಪರಮಾಣುವಿನ ಪಾಠ ನಡೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು, ‘ಸಾರ್, ಎಲೆಕ್ಟ್ರಾನು ಹಿಂಗೇ ಸುತ್ತುತಾ ಇದ್ರೆ ಅದರ ಎನರ್ಜಿಯೆಲ್ಲ ಖಾಲಿಯಾಗಿ, ಒಳಕ್ಕೆ ಬಿದ್ದು ಮಟಾಷ್ ಆಗ್ಬೇಕಲ್ವಾ?’ ಎಂದು ಕೇಳಿದನೆನ್ನೋಣ. ತರಗತಿ ನಗುತ್ತದೆ. ಉಪನ್ಯಾಸಕರಿಗೆ ಎರಡು ದಾರಿಗಳಿವೆ. ‘ಮಟಾಷ್’ ಎಂಬ ಮಾತಿಗಾಗಿ ಹುಡುಗನನ್ನು ಗದರಿಸಿ ಕೂರಿಸುವುದು ಒಂದು. ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ಇನ್ನೊಂದು. ಈ ಪ್ರಶ್ನೆ ಸಾಮಾನ್ಯವಾದುದಲ್ಲ. 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಬೀಜವಿದೆಯೆಂದು ಸಾರಿದಾಗ ಭೌತವಿಜ್ಞಾನಿಗಳನ್ನು ಕಾಡಿದುದು ಈ ಪ್ರಶ್ನೆಯೇ. ಸುತ್ತುವ ಎಲೆಕ್ಟ್ರಾನಿಗೆ ವೇಗೋತ್ಕರ್ಷವಿರುತ್ತದೆ. ವೇಗೋತ್ಕರ್ಷವುಳ್ಳ ವಿದ್ಯುತ್ಕಣವು ಶಕ್ತಿಯನ್ನು ಹೊರಸೂಸಬೇಕು. ಅಂದಿನ ಸಿದ್ಧಾಂತದಂತೆ ಲೆಕ್ಕ ಹಾಕಿದರೆ, ಜಲಜನಕದ ಎಲೆಕ್ಟ್ರಾನು ಒಂದು ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಬೀಜದೊಳಕ್ಕೆ ಬಿದ್ದುಹೋಗಬೇಕು. ಆದರೆ ಪರಮಾಣುಗಳು ಬಿದ್ದುಹೋಗಿಲ್ಲ. ಈ ಪತ್ರಿಕೆಯ ಹಾಳೆ ಇನ್ನೂ ಕೈಯಲ್ಲಿಯೇ ಇದೆ. ಈ ಒಗಟಿಗೆ 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಉತ್ತರವೇ ಹೊಸ ಭೌತಶಾಸ್ತ್ರದ ಒಂದು ದೊಡ್ಡ ಹೆಜ್ಜೆಯಾಯಿತು. ‘ಮಟಾಷ್’ ಎಂದ ಹುಡುಗನು ಸ್ವತಂತ್ರವಾಗಿ ಯೋಚಿಸಿ ಆ ಹೊಸ್ತಿಲಿಗೇ ಬಂದು ನಿಂತಿದ್ದಾನೆ. ಅವನನ್ನು ಗದರಿಸಿ ಕೂರಿಸಿದರೆ, ಅವನು ಮುಂದೆ ಶುದ್ಧ ಭಾಷೆಯಲ್ಲಿ ಪ್ರಶ್ನೆ ಕೇಳುವುದಿಲ್ಲ; ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುತ್ತಾನೆ.

ಹಳ್ಳಿಯಿಂದ ಬಂದ ವಿದ್ಯಾರ್ಥಿಗಳ ಪಾಡು ಇದಕ್ಕಿಂತ ಕಷ್ಟದ್ದು. ಹಿರಿಯರು ಮುನಿಯುವಾಗ ಗೆಳೆಯರ ಗುಂಪಿನ ಮಾತಿಗೂ ಊರಿನ ಮಾತಿಗೂ ಇರುವ ಅಂತರವನ್ನು ಎಷ್ಟೋ ವೇಳೆ ಕಾಣುವುದಿಲ್ಲ. ಹಳೆಯ ಮೈಸೂರಿನ ಹಳ್ಳಿಯ ಹುಡುಗನು ‘ಹಾಲು’ ಎಂಬುದನ್ನು ‘ಆಲು’ ಎಂದರೆ, ಕಲಬುರಗಿಯ ಹುಡುಗಿ ತನ್ನ ಮನೆಯಲ್ಲಿ ಆಡುವ ಧಾಟಿಯಲ್ಲಿಯೇ ತರಗತಿಯಲ್ಲಿ ಮಾತನಾಡಿದರೆ, ಅದು ಸೋಗಿನ ಮಾತಲ್ಲ. ತಾಯಿಯಿಂದ ಬಂದ ಮಾತು. ಅದನ್ನು ನಕ್ಕು ಬಾಯಿ ಮುಚ್ಚಿಸುವವರಲ್ಲಿ ಅಧ್ಯಾಪಕರಷ್ಟೇ ಅಲ್ಲ, ಪಟ್ಟಣದ ಸಹಪಾಠಿಗಳೂ ಇದ್ದಾರೆ. ತಮ್ಮ ಗುಂಪಿನ ಮಾತಿಗೆ ಸ್ವಾತಂತ್ರ್ಯವನ್ನು ಬೇಡುವ ತರುಣರು, ಇತರರ ಊರಿನ ಮಾತಿಗೂ ಆ ಸ್ವಾತಂತ್ರ್ಯವನ್ನು ಕೊಡಬೇಕಾದುದು ನ್ಯಾಯ.

ಹಾಗಾದರೆ ಏನು ಮಾಡಬೇಕು? ಪ್ರಯೋಗಶಾಲೆಯಲ್ಲಿ ಸಾಧಾರಣ ತಕ್ಕಡಿಯೂ ಇರುತ್ತದೆ, ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯೂ ಇರುತ್ತದೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚುವುದಿಲ್ಲ. ಹಾಗೆಂದು ಯಾವುದನ್ನೂ ಹೊರಗೆ ಎಸೆಯುವುದೂ ಇಲ್ಲ. ವಿದ್ಯಾರ್ಥಿಗಳಿಗೆ ನಮ್ಮ ವಿಜ್ಞಾಪನೆ ಇಷ್ಟು: ಗೆಳೆಯರೊಡನೆ ನಿಮ್ಮ ಮಾತನ್ನು ಸಂತೋಷದಿಂದ ಆಡಿರಿ. ಆದರೆ ಅದೊಂದೇ ನಿಮ್ಮ ಬಳಿಯಿರುವ ತಕ್ಕಡಿಯಾಗದಿರಲಿ. ಏನನ್ನಾದರೂ ‘ಸಖತ್’ ಎಂದಾಗ, ಯಾವ ಗುಣದಿಂದ ಎಂಬುದನ್ನು ಇನ್ನೊಂದು ವಾಕ್ಯದಲ್ಲಿ ಹೇಳಬಲ್ಲಿರಾ ಎಂದು ನೋಡಿಕೊಳ್ಳಿರಿ. ಸಂದೇಹ ಬಂದಾಗ ಯಾವ ಮಾತು ನಾಲಗೆಗೆ ಬರುವುದೋ ಆ ಮಾತಿನಲ್ಲಿಯೇ ಕೇಳಿರಿ. ಕೇಳಿದ ಮೇಲೆ ಅದನ್ನೇ ನಿಷ್ಕೃಷ್ಟವಾದ ಮಾತಿನಲ್ಲಿ ಬರೆಯಲು ಕಲಿಯಿರಿ. ಮಾತು ಒರಟಾಗಿದ್ದರೂ ಪ್ರಶ್ನೆ ನೇರವಾಗಿದ್ದರೆ ಮೊದಲು ಉತ್ತರವನ್ನು ಕೊಡಬೇಕು, ಮಾತನ್ನು ತಿದ್ದುವುದು ಆಮೇಲಿನ ಕೆಲಸ. ಇದು ಅಧ್ಯಾಪಕರಿಗೂ ಹಿರಿಯರಿಗೂ ಸೇರಿದ ಹೊಣೆ. ಕನ್ನಡದ ಮಕ್ಕಳು ಕನ್ನಡದಲ್ಲಿ ವಿಜ್ಞಾನವನ್ನು ಕೇಳುವಷ್ಟು ಕಾಲವೂ ಕನ್ನಡಕ್ಕೆ ಕೇಡಿಲ್ಲ. ಅವರು ಕೇಳದೆ ಸುಮ್ಮನಾದ ದಿನ, ಎಷ್ಟು ಶುದ್ಧವಾದ ಶಬ್ದಕೋಶವಿದ್ದರೂ ಅದರಿಂದ ಪ್ರಯೋಜನವಾಗದು.