ಕೋವಿಗೊಂದು ಬೀಗ, ತೋಟಾಕ್ಕೊಂದು ಬೀಗ
ಕೊಡಗಿನಲ್ಲಿ ಕೋವಿ ಮನೆತನದ ಗೌರವದ ಗುರುತು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಪರವಾನಗಿಗೆ ವಿನಾಯಿತಿ ಸಿಗಬಹುದು, ಎಚ್ಚರಕ್ಕೆ ಯಾರಿಗೂ ಸಿಗದು. ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮಲೆನಾಡಿನ ರೈತರಿಗೂ ಈ ಮಾತು ಸಲ್ಲುತ್ತದೆ. ತೋಟದಿಂದ ಮರಳಿದೊಡನೆ ತೋಟಾ ತೆಗೆಯಿರಿ, ನಳಿಗೆ ಮಡಚಿ ತೆರೆದು ಕಣ್ಣಾರೆ ನೋಡಿ, ಬೆರಳಿಟ್ಟು ಖಚಿತಪಡಿಸಿಕೊಳ್ಳಿ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಅಪಾಯ ಇನ್ನೂ ಹೆಚ್ಚು: ಕೇಪು ತೆಗೆದರೂ ಮದ್ದುಗುಂಡು ನಳಿಗೆಯೊಳಗೇ ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಇಂಥ ಕೋವಿಯನ್ನು ತುಂಬಿಸಿ ಅಟ್ಟದ ಮೇಲಿಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಬಾಗಿಲ ಹಿಂದೆ ಒರಗಿಸಿದ ಕೋವಿ ಮಕ್ಕಳ ಕೈಗೆ ನೇರವಾಗಿ ಸಿಗುತ್ತದೆ, ಗೋಡೆಯ ಮೊಳೆಗೆ ನೇತುಹಾಕಿದ್ದು ಸಿಗಲು ಒಂದು ಕುರ್ಚಿ ಸಾಕು. ‘ಮುಟ್ಟಬೇಡ’ ಎಂಬ ಗದರಿಕೆ ಮಗುವಿನ ಕುತೂಹಲವನ್ನು ತಡೆಯಲಾರದು, ಬೀಗ ತಡೆಯುತ್ತದೆ. ಕೋವಿಯನ್ನು ಉಕ್ಕಿನ ಕಪಾಟಿನಲ್ಲಿ, ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ, ಕೀಲಿಗಳು ಜವಾಬ್ದಾರಿಯುತ ಹಿರಿಯರ ಬಳಿಯೇ ಇರಲಿ. ಮನೆಯಲ್ಲಿ ಕುಡಿತ, ಜಗಳ ಇದ್ದರೆ, ಯಾರಾದರೂ ಬದುಕೇ ಬೇಡವೆಂದು ಕುಗ್ಗಿದ್ದರೆ, ಬೀಗವೊಂದನ್ನೇ ನಂಬಬೇಡಿ. ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಶಸ್ತ್ರಾಸ್ತ್ರ ವ್ಯಾಪಾರಿಯ ಬಳಿಯೋ ಠೇವಣಿ ಇಡಲು ಕಾನೂನಿನಲ್ಲೇ ಅವಕಾಶವಿದೆ. ಆವೇಶದ ಗಳಿಗೆ ಕಳೆದುಹೋಗುತ್ತದೆ, ಹಾರಿದ ಗುಂಡನ್ನು ಹಿಂದಕ್ಕೆ ಕರೆಯಲಾಗದು. ಹಿರಿಯರು ಬಿಟ್ಟುಹೋದ ಕೋವಿಯನ್ನು ಗೌರವಿಸುವವರು ಮನೆಮಂದಿಯ ಜೀವವನ್ನು ಮೊದಲು ಕಾಯಲಿ.