ಸೋಲಿನ ಲೆಕ್ಕವನ್ನು ಮತಗಟ್ಟೆಯಿಂದ ಓದೋಣ

ಚುನಾವಣೆ ಮುಗಿದ ಮರುದಿನ ನಮ್ಮ ಪಕ್ಷದ ಕಚೇರಿಗಳಲ್ಲಿ ಕೇಳಿಬರುವ ಮಾತು ಎರಡೇ. ಒಂದು, ಹಣ ಗೆದ್ದಿತು. ಇನ್ನೊಂದು, ಜಾತಿ ಗೆದ್ದಿತು. ಎರಡೂ ಸುಳ್ಳಲ್ಲ. ಹಣ ಹರಿಯುವುದನ್ನು ಕಾಣದ ಊರು ನಮ್ಮಲ್ಲಿ ಯಾವುದಿದೆ? ಜಾತಿಯ ಲೆಕ್ಕ ಹಾಕದೆ ಉಮೇದುವಾರನನ್ನು ನಿಲ್ಲಿಸುವ ದೊಡ್ಡ ಪಕ್ಷ ಯಾವುದಿದೆ? ಆದರೆ ಇಷ್ಟು ಹೇಳಿ ಕೈ ತೊಳೆದುಕೊಂಡರೆ, ಮುಂದಿನ ಐದು ವರ್ಷ ನಾವು ಮಾಡಬೇಕಾದ ಕೆಲಸವೇನೆಂಬುದು ತಿಳಿಯದೆ ಹೋಗುತ್ತದೆ. ಹಣ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು? ಯಾವ ಓಣಿಯ ಜನ ನಮ್ಮ ಮಾತನ್ನು ಕೇಳಿದರು, ಯಾವ ಕೇರಿಗೆ ನಾವು ಕಾಲನ್ನೇ ಇಡಲಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಭಾಷಣದಲ್ಲಿಲ್ಲ, ಮತಗಟ್ಟೆವಾರು ಲೆಕ್ಕದಲ್ಲಿದೆ. ಆ ಲೆಕ್ಕವನ್ನು ತಾಲೂಕಿನ ನಕ್ಷೆಯ ಮೇಲೆ ಇಳಿಸುವ ಕೆಲಸವನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಸಮಿತಿಗಳು ಕೈಗೆತ್ತಿಕೊಳ್ಳಬೇಕೆಂಬುದೇ ಈ ಲೇಖನದ ಒತ್ತಾಯ.

ದೊಡ್ಡ ಅಂಕಿಗಳು ಹೇಗೆ ಮೋಸ ಮಾಡುತ್ತವೆಂಬುದಕ್ಕೆ ನಮ್ಮ ಲೋಕಸಭಾ ಕ್ಷೇತ್ರವೇ ಸಾಕ್ಷಿ. ೨೦೧೯ರಲ್ಲಿ ಇಲ್ಲಿ ಭಾರತೀಯ ಜನತಾ ಪಕ್ಷದ ಕರಡಿ ಸಂಗಣ್ಣ ೫,೮೬,೭೮೩ ಮತ ಪಡೆದು ಗೆದ್ದರು. ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳರಿಗೆ ಬಂದುದು ೫,೪೮,೩೮೬. ೨೦೨೪ರಲ್ಲಿ ಅದೇ ಹಿಟ್ನಾಳರು ೬,೬೩,೫೧೧ ಮತ ಪಡೆದು ಗೆದ್ದರು. ಭಾಜಪದ ಬಸವರಾಜ ಕ್ಯಾವಟರ್ ೬,೧೭,೧೫೪ ಪಡೆದು ಸೋತರು. "ಗಾಳಿ ತಿರುಗಿತು" ಎಂದು ಎಲ್ಲರೂ ಹೇಳಿದರು. ಆದರೆ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿರಿ. ೨೦೨೪ರಲ್ಲಿ ಸೋತವರು, ೨೦೧೯ರಲ್ಲಿ ಗೆದ್ದವರಿಗಿಂತ ೩೦,೩೭೧ ಮತ ಹೆಚ್ಚು ಪಡೆದಿದ್ದಾರೆ. ಅಂದರೆ ಭಾಜಪದ ಒಟ್ಟು ಮತ ಕರಗಲಿಲ್ಲ, ಬೆಳೆಯಿತು. ಅದಕ್ಕಿಂತ ವೇಗವಾಗಿ ಕಾಂಗ್ರೆಸ್ಸಿನದು ಬೆಳೆಯಿತು, ೧,೧೫,೧೨೫ರಷ್ಟು. ಈ ಹೊಸ ಮತಗಳು ಎಲ್ಲಿಂದ ಬಂದವು? ಗ್ಯಾರಂಟಿ ಯೋಜನೆಗಳ ಹೆಣ್ಣುಮಕ್ಕಳಿಂದಲೋ? ಮೊದಲ ಸಲ ಓಟು ಹಾಕಿದ ಹುಡುಗರಿಂದಲೋ? ೨೦೧೯ರಲ್ಲಿ ಕಾಂಗ್ರೆಸ್ಸಿನ ಜೊತೆಗಿದ್ದ ಜನತಾದಳ ೨೦೨೪ರಲ್ಲಿ ಭಾಜಪದ ಜೊತೆಗೆ ಹೋದುದರಿಂದ ಯಾವ ಊರಿನಲ್ಲಿ ಏನಾಯಿತು? ಸಿಂಧನೂರು, ಮಸ್ಕಿ, ಸಿರುಗುಪ್ಪಗಳೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ ಅಂಕಿ ಇದನ್ನು ಹೇಳಲಾರದು. ಗಂಟನ್ನು ಬಿಚ್ಚಿ ನೋಡಬೇಕು.

ಮತ ಎಷ್ಟು ಎಂಬುದರಷ್ಟೇ ಮುಖ್ಯವಾದುದು ಮತ ಎಲ್ಲಿ ಎಂಬುದು. ಈ ಪಾಠವನ್ನು ಸಮಾಜವಾದಿಗಳು ಮೊದಲ ಮಹಾಚುನಾವಣೆಯಲ್ಲೇ ಕಲಿಯಬೇಕಾಗಿತ್ತು. ೧೯೫೧-೫೨ರಲ್ಲಿ ಸೋಷಲಿಸ್ಟ್ ಪಕ್ಷಕ್ಕೆ ದೇಶದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮತ ಬಂದಿತು. ಲೋಕಸಭೆಯಲ್ಲಿ ದೊರೆತುದು ೧೨ ಸ್ಥಾನ. ಕಮ್ಯುನಿಸ್ಟ್ ಪಕ್ಷಕ್ಕೆ ಬಂದುದು ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು ಮತ. ದೊರೆತುದು ೧೬ ಸ್ಥಾನ. ನಮ್ಮವರು ಎರಡು ನೂರೈವತ್ತಕ್ಕೂ ಹೆಚ್ಚು ಕಡೆ ನಿಂತು ಮತವನ್ನು ಬೀಜದಂತೆ ಎರಚಿದರು. ಅವರು ಐವತ್ತರೊಳಗೆ ನಿಂತು, ತಾವು ಹೋರಾಡಿದ ನೆಲದಲ್ಲಿ ಬೆಳೆ ತೆಗೆದರು. ಅದೇ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆರಿಸಿ ಬಂದುದೂ ಎಲ್ಲೋ ಒಂದು ಕಡೆಯಿಂದಲ್ಲ. ೧೯೫೧ರ ಕಾಗೋಡು ಸತ್ಯಾಗ್ರಹ ನಡೆದ ಸಾಗರದ ಸೀಮೆಯಿಂದಲೇ.

ಇದು ನಮ್ಮ ದೇಶವೊಂದರ ಕಥೆಯಲ್ಲ. ನಮ್ಮಂತೆಯೇ ಹೆಚ್ಚು ಮತ ಪಡೆದವನೇ ಗೆದ್ದನೆನ್ನುವ ಪದ್ಧತಿಯುಳ್ಳ ಕೆನಡಾ ದೇಶವನ್ನು ನೋಡಿರಿ. ೨೦೨೫ರ ಚುನಾವಣೆಯಲ್ಲಿ ಅಲ್ಲಿನ ಸಮಾಜವಾದಿ ಪರಂಪರೆಯ ನ್ಯೂ ಡೆಮಾಕ್ರಾಟಿಕ್ ಪಕ್ಷಕ್ಕೂ, ಕ್ವಿಬೆಕ್ ಪ್ರಾಂತವೊಂದರಲ್ಲೇ ನಿಲ್ಲುವ ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೂ ಹೆಚ್ಚು ಕಡಿಮೆ ಒಂದೇ ಪ್ರಮಾಣದ ಮತ ಬಂದಿತು; ಎರಡಕ್ಕೂ ನೂರಕ್ಕೆ ಆರರ ಮೇಲೆ ಸ್ವಲ್ಪ. ಸ್ಥಾನ ಮಾತ್ರ ಮೊದಲನೆಯದಕ್ಕೆ ೭, ಎರಡನೆಯದಕ್ಕೆ ೨೨. ದೇಶದ ತುಂಬ ಹರಡಿದ ಮತ ನೀರಿನಂತೆ ಇಂಗಿತು. ಒಂದೆಡೆ ನಿಂತ ಮತ ಕೆರೆಯಾಯಿತು. ಆ ದೇಶದ ಚುನಾವಣಾ ಕಚೇರಿ ಮತಗಟ್ಟೆವಾರು ಫಲಿತಾಂಶವನ್ನೂ ಮತಗಟ್ಟೆಗಳ ಎಲ್ಲೆಯನ್ನೂ ಎಲ್ಲರಿಗೂ ಬಿಡಿಸಿ ಕೊಡುತ್ತದೆ. ಆದುದರಿಂದ ಅಲ್ಲಿ ಸಾಮಾನ್ಯ ನಾಗರಿಕರೂ ತಮ್ಮ ಬೀದಿಯ ನಕ್ಷೆಗೆ ಬಣ್ಣ ಹಚ್ಚಿ, ಯಾವ ಪಕ್ಷದ ಬೇರು ಎಲ್ಲಿದೆಯೆಂದು ನೋಡುತ್ತಾರೆ. ನಮಗೇಕೆ ಆಗದು?

ನಮ್ಮ ಜಿಲ್ಲೆಯಂತೂ ಇಂಥ ನಕ್ಷೆಯನ್ನು ಬೇಡುವ ನೆಲ. ೧೯೯೭ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆ ಹೆಸರಿಗೆ ಒಂದು, ಬದುಕಿಗೆ ಮೂರು. ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿಗಳಲ್ಲಿ ಭತ್ತದ ಸೀಮೆಯನ್ನೇ ಕಟ್ಟಿತು. ಅಲ್ಲಿ ಕ್ಯಾಂಪುಗಳ ಒಡೆಯರುಂಟು, ಅಕ್ಕಿ ಗಿರಣಿಗಳುಂಟು, ನಾಟಿಗೆ ಬರುವ ಕೂಲಿಯ ಹೆಣ್ಣುಮಕ್ಕಳುಂಟು. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನೇ ನಂಬಿದ ಸಜ್ಜೆ, ಜೋಳದ ಹೊಲ. ಮಳೆ ಕೈಕೊಟ್ಟರೆ ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಗುಳೆ. ಕೊಪ್ಪಳ, ಗಿಣಗೇರಿಗಳ ಸುತ್ತ ಕಬ್ಬಿಣದ ಕಾರ್ಖಾನೆಗಳ ಹೊಗೆ ಮತ್ತು ಕರಿ ಧೂಳು. ಅದರ ವಿರುದ್ಧ ೨೦೨೫ರ ಫೆಬ್ರುವರಿಯಲ್ಲಿ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಕೊಪ್ಪಳದ ಜನ ಬೀದಿಗಿಳಿದುದು ಎಲ್ಲರಿಗೂ ತಿಳಿದಿದೆ. ಕಾಲುವೆಯ ಕೊನೆಗೆ ನೀರು ಮುಟ್ಟದ ಊರು ಯಾರಿಗೆ ಓಟು ಹಾಕಿತು? ಧೂಳು ಬೀಳುವ ಊರು ಯಾರಿಗೆ ಹಾಕಿತು? ಗುಳೆ ಹೋದವರ ತಾಂಡಾದಲ್ಲಿ ಮತದಾನವೇ ಎಷ್ಟಾಯಿತು? ಊಹೆಯಿಂದ ಮಾತನಾಡುವುದು ಸಾಕು.

೨೦೨೩ರ ವಿಧಾನಸಭೆಯ ಫಲಿತಾಂಶವೂ ಇದನ್ನೇ ಹೇಳುತ್ತದೆ. ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಕೊಪ್ಪಳ, ಯಲಬುರ್ಗಾ, ಕನಕಗಿರಿಗಳು ಕಾಂಗ್ರೆಸ್ಸಿಗೆ ಹೋದವು. ಕುಷ್ಟಗಿ ಭಾಜಪಕ್ಕೆ ಹೋಯಿತು. ಗಂಗಾವತಿಯಲ್ಲಿ ಆಗತಾನೇ ಹುಟ್ಟಿದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಜನಾರ್ದನ ರೆಡ್ಡಿಯವರು ಕಾಂಗ್ರೆಸ್ಸಿನ ಇಕ್ಬಾಲ್ ಅನ್ಸಾರಿಯವರನ್ನು ೮,೨೬೬ ಮತಗಳಿಂದ ಸೋಲಿಸಿದರು. ಹೊರಗಿನಿಂದ ಬಂದ ಧನಿಕರ ಹೊಸ ಪಕ್ಷವೊಂದು ಕೆಲವೇ ತಿಂಗಳಲ್ಲಿ ಗೆಲ್ಲಬಹುದಾದರೆ, ಅದು ಪಟ್ಟಣದ ಓಣಿಗಳಲ್ಲಿ ಗೆದ್ದಿತೋ, ಕ್ಯಾಂಪುಗಳಲ್ಲೋ, ಆನೆಗೊಂದಿಯ ಕಡೆಯ ಹೊಳೆಸಾಲಿನಲ್ಲೋ ಎಂದು ತಿಳಿಯದೆ ಅದರ ಮೇಲೆ ಬರಿದೆ ಬಯ್ಗುಳ ಸುರಿದು ಏನು ಫಲ? ೨೦೨೪ರ ಮಾರ್ಚಿಯಲ್ಲಿ ಆ ಪಕ್ಷ ಭಾಜಪದಲ್ಲಿ ಲೀನವಾಯಿತು. ಆ ಮತದಾರರು ಲೀನವಾದರೇ? ಅದನ್ನೂ ಮತಗಟ್ಟೆಯೇ ಹೇಳಬೇಕು.

ಕೆಲಸ ಕಠಿಣವಲ್ಲ. ಚುನಾವಣಾಧಿಕಾರಿ ತುಂಬುವ ಇಪ್ಪತ್ತನೆಯ ನಮೂನೆಯಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆಷ್ಟು ಮತವೆಂಬುದು ಸಾಲುಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಕಚೇರಿ ಅದನ್ನು ಪ್ರಕಟಿಸುತ್ತದೆ. ಮತದಾರರ ಪಟ್ಟಿಯ ಪ್ರತಿ ಭಾಗದ ಆರಂಭದಲ್ಲಿ ಆ ಭಾಗಕ್ಕೆ ಸೇರಿದ ಊರು, ಓಣಿಗಳ ಹೆಸರಿರುತ್ತದೆ. ಇವೆರಡನ್ನು ಹೊಂದಿಸಿ, ತಾಲೂಕು ನಕ್ಷೆಯ ಮೇಲೆ ಊರಿಗೊಂದು ಗುರುತು ಹಾಕಿದರಾಯಿತು. ಹೈಸ್ಕೂಲಿನ ಹುಡುಗರು ಭೂಗೋಳದ ತಾಸಿನಲ್ಲಿ ಮಾಡುವ ಕೆಲಸವಿದು.

ಆದರೆ ನಾಲ್ಕು ಎಚ್ಚರಿಕೆ ಬೇಕು. ಮೊದಲನೆಯದು, ಗೆದ್ದವನ ಬಣ್ಣವನ್ನಷ್ಟೇ ಹಚ್ಚಬಾರದು. ನೂರಕ್ಕೆ ಐವತ್ತೊಂದು ಬಿದ್ದ ಊರೂ ತೊಂಬತ್ತು ಬಿದ್ದ ಊರೂ ಆಗ ಒಂದೇ ಆಗಿ ಕಾಣುತ್ತವೆ. ಎರಡನೆಯದು, ಮತಗಟ್ಟೆಯ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ೨೦೦೮ರಲ್ಲಿ ಕ್ಷೇತ್ರಗಳ ಎಲ್ಲೆಯೇ ಬದಲಾಯಿತು. ಆದುದರಿಂದ ಸಂಖ್ಯೆಯನ್ನು ಬಿಟ್ಟು ಊರಿನ ಹೆಸರಿನಿಂದ ಹೋಲಿಸಬೇಕು. ಮೂರನೆಯದು, ಬಿದ್ದ ಮತದ ಪಕ್ಕದಲ್ಲಿ ಬೀಳದ ಮತವನ್ನೂ ಬರೆಯಬೇಕು. ಗುಳೆ ಹೋದವನ ಮೌನವೂ ಒಂದು ಲೆಕ್ಕ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು: ಮತಗಟ್ಟೆಯ ಅಂಕಿ ಮತಗಟ್ಟೆಯದು, ಮನುಷ್ಯನದಲ್ಲ. ಒಂದೇ ಮತಗಟ್ಟೆಯಲ್ಲಿ ಗೌಡರ ಓಣಿಯೂ ದಲಿತ ಕೇರಿಯೂ ಇದ್ದರೆ, "ಈ ಜಾತಿಯವರೆಲ್ಲ ಇವರಿಗೆ ಹಾಕಿದರು" ಎನ್ನುವುದು ಶುದ್ಧ ಕಟ್ಟುಕಥೆ.

ಇಲ್ಲಿಯೇ ಗಂಭೀರವಾದ ಒಂದು ಆಕ್ಷೇಪ ಏಳುತ್ತದೆ. ಮತ ಗುಪ್ತವಾಗಿರಬೇಕಲ್ಲವೇ? ಸಣ್ಣ ಊರಿನ, ಒಂದೇ ಕೇರಿಯ ಮತಗಟ್ಟೆಯ ಲೆಕ್ಕ ಬಯಲಾದರೆ ಆ ಕೇರಿಯ ಮನಸ್ಸೂ ಬಯಲಾದಂತೆಯೇ. ಬಲ್ಲಿದರು ಈ ನಕ್ಷೆಯನ್ನು ನಮಗಿಂತ ಮೊದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ೨೦೧೯ರಲ್ಲಿ ಮೇನಕಾ ಗಾಂಧಿಯವರು, ಬಂದ ಮತಕ್ಕೆ ತಕ್ಕಂತೆ ಊರುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಕೆಲಸ ಮಾಡಿಕೊಡುವುದಾಗಿ ಸಭೆಯಲ್ಲೇ ಹೇಳಿದರು. ಚುನಾವಣಾ ಆಯೋಗ ಅದನ್ನು ಖಂಡಿಸಿ ಎಚ್ಚರಿಕೆ ಕೊಟ್ಟಿತು. ಅವರು ಬಾಯಿಬಿಟ್ಟು ಹೇಳಿದರು. ಬಾಯಿಬಿಡದೆ ಮಾಡುವವರು ಎಷ್ಟು ಮಂದಿ! ಇನ್ನು ನಮ್ಮ ನೆಲವೋ, ಮರಕುಂಬಿಯ ನೆಲ. ಗಂಗಾವತಿ ತಾಲೂಕಿನ ಆ ಊರಿನಲ್ಲಿ ೨೦೧೪ರಲ್ಲಿ ದಲಿತರ ಮನೆಗಳಿಗೆ ಬೆಂಕಿಯಿಟ್ಟುದಕ್ಕಾಗಿ ೨೦೨೪ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ ೯೮ ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣಕ್ಕೂ ಓಟಿಗೂ ನಂಟು ಕಟ್ಟುತ್ತಿಲ್ಲ. ಇಂಥ ನೆಲದಲ್ಲಿ ಒಂದು ಕೇರಿಯ ಓಟು ಊರಿಗೆಲ್ಲ ತಿಳಿಯುವುದೆಂದರೆ ಏನೆಂಬುದನ್ನು ಮಾತ್ರ ಮರೆಯಬಾರದೆನ್ನುತ್ತೇನೆ.

ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಮತವನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹದಿನಾಲ್ಕು ಯಂತ್ರಗಳ ಲೆಕ್ಕವನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಯಂತ್ರ ಬೇಕೆಂದು ಚುನಾವಣಾ ಆಯೋಗ ೨೦೦೮ರಲ್ಲೇ ಕೇಳಿತು. ಕಾನೂನು ಆಯೋಗ ೨೦೧೫ರಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ತಾವು ಎಲ್ಲಿ ಹಿಂದೆ ಬಿದ್ದೆವೆಂದು ತಿಳಿಯಲು ಪಕ್ಷಗಳಿಗೆ ಮತಗಟ್ಟೆವಾರು ಲೆಕ್ಕ ಅನುಕೂಲವೆಂಬ ವಾದವೂ ಬಂದಿತು. ಹೌದು, ನಮಗೂ ಅದೇ ಅನುಕೂಲ. ಆದರೂ ನಮ್ಮ ಪಕ್ಷ ಬೆರೆಸಿ ಎಣಿಸುವುದರ ಪರವಾಗಿಯೇ ನಿಲ್ಲಬೇಕೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಹದಿನಾಲ್ಕು ಮತಗಟ್ಟೆಗಳು ಕೂಡಿದರೆ ನಮ್ಮ ನಕ್ಷೆ ಮಸುಕಾಗುತ್ತದೆ, ಆಗಲಿ. ಕಾಲುವೆಯ ಸೀಮೆ ಯಾವುದು, ಗುಳೆಯ ಸೀಮೆ ಯಾವುದು ಎಂಬಷ್ಟು ಆಗಲೂ ಕಾಣುತ್ತದೆ. ಪಕ್ಷದ ಕಣ್ಣು ಚುರುಕಾಗುವುದಕ್ಕಿಂತ ಕೂಲಿಯವನ ಬೆನ್ನು ಉಳಿಯುವುದು ದೊಡ್ಡದು.

ಆ ಕಾನೂನು ಬರುವವರೆಗೆ ಲೆಕ್ಕ ಬಯಲಿನಲ್ಲೇ ಇರುತ್ತದೆ. ಗುತ್ತಿಗೆದಾರರು ಓದುತ್ತಾರೆ, ಧನಿಗಳು ಓದುತ್ತಾರೆ. ದುಡಿಯುವವರ ಪಕ್ಷ ಮಾತ್ರ ಓದದೆ ಕುಳಿತರೆ ಅದು ಶುದ್ಧತೆಯಲ್ಲ, ಸೋಮಾರಿತನ. ಆದರೆ ನಮ್ಮ ಓದಿಗೆ ಕಟ್ಟಳೆಯಿರಲಿ. ನಕ್ಷೆ ಸಮಿತಿಯ ಕಚೇರಿಯಿಂದ ಹೊರಗೆ ಹೋಗಬಾರದು. ಯಾವ ಊರಿಗೆ ಹೋದರೂ "ನೀವು ನಮಗೆ ಹಾಕಲಿಲ್ಲ" ಎಂಬ ಮಾತು ಕಾರ್ಯಕರ್ತನ ಬಾಯಿಂದ ಬರಬಾರದು. ಕಡಿಮೆ ಮತ ಬಂದ ಊರು ತಪ್ಪು ಮಾಡಿದ ಊರಲ್ಲ. ನಾವು ಹೋಗದ ಊರು.

ಮೊದಲು ಪ್ರತಿ ತಾಲೂಕು ಸಮಿತಿ ೨೦೨೩ ಮತ್ತು ೨೦೨೪ರ ಎರಡು ನಕ್ಷೆ ಬರೆಯಲಿ. ಅದರ ಮೇಲೆ ನಾವು ಸಭೆ ಮಾಡಿದ ಊರುಗಳಿಗೆ ಒಂದೊಂದು ಚುಕ್ಕೆ ಇಡಲಿ. ಚುಕ್ಕೆಗಳೆಲ್ಲ ಡಾಂಬರು ರಸ್ತೆಯ ಗುಂಟವೇ ಬಿದ್ದರೆ, ಮುಂದಿನ ತಿಂಗಳ ಕೆಲಸ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಚುಕ್ಕೆಯಿಲ್ಲದ ಊರುಗಳ ಪಟ್ಟಿ ಮಾಡಿ, ಊರಿಗೆ ಇಬ್ಬರಂತೆ ಹೆಸರು ಬರೆದು, ಹೊರಡೋಣ.