ಬ್ಯಾನರಿನಲ್ಲಿ ಕನ್ನಡ, ಔಷಧಿ ಚೀಟಿಯಲ್ಲಿ ಇಂಗ್ಲಿಷು!



ಕಳೆದ ನವೆಂಬರಿನಲ್ಲಿ ನಮ್ಮ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಾವು ಹುಡುಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ತಾಯಿ ಭುವನೇಶ್ವರಿಯ ಪಟ, ಬೀದಿಯುದ್ದಕ್ಕೂ ಅರಿಶಿನ ಕುಂಕುಮದ ಬಾವುಟ, ಮೈಕಿನಲ್ಲಿ ಅಣ್ಣಾವ್ರ ಹಾಡು, ಮಧ್ಯಾಹ್ನಕ್ಕೆ ಬಿಸಿಬೇಳೆಬಾತು. ಖರ್ಚಿನ ಒಂದು ಪಾಲನ್ನು ಕೊಟ್ಟದ್ದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರುವ ಒಂದು ಕಂಪನಿ. ಬದಲಿಗೆ ಅವರ ಹೆಸರಿನ ದೊಡ್ಡ ಬ್ಯಾನರು. ಅದರ ಮೇಲೆ ಅಚ್ಚ ಕನ್ನಡದಲ್ಲಿ 'ಸಮಸ್ತ ಕನ್ನಡಿಗರಿಗೆ ರಾಜ್ಯೋತ್ಸವದ ಶುಭಾಶಯಗಳು'. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಬರೆಯುವ ಕಟುಮಾತಿನಲ್ಲಿ ಅರ್ಧ ನನಗೇ ಸೇರಬೇಕಾದ್ದು.

ಬ್ಯಾನರು ಇಳಿಸಿ ಇನ್ನೂ ಹದಿನೈದು ದಿನವಾಗಿರಲಿಲ್ಲ. ಎರಡು ಬೀದಿ ಆಚೆ ಇರುವ ನಮ್ಮ ದೊಡ್ಡಮ್ಮನ ಬಾಯಲ್ಲಿ ಹುಣ್ಣಾಯಿತು. ಅನ್ನ ಹೋಗಲಿ, ನೀರು ನುಂಗಲೂ ಆಗದು. ಆಮೇಲೆ ಜ್ವರ. ಆಸ್ಪತ್ರೆಗೆ ಹೊತ್ತೊಯ್ದೆವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರರು ನಮ್ಮನ್ನೇ ಕೇಳಿದರು: 'ಈ ಮಾತ್ರೆಯನ್ನು ದಿನಾ ತಗೊಂಡ್ರಾ?'

ತಗೊಂಡಿದ್ದರು. ಒಂಬತ್ತು ದಿನ.

ಅದು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ. ಕೀಲುವಾತಕ್ಕೆ ಕೊಡುತ್ತಾರೆ. ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತಕಣ ಹುಟ್ಟುವುದೇ ಕುಂದುತ್ತದೆ, ಜೀವಕ್ಕೇ ಸಂಚಕಾರ. ಈ ತಪ್ಪು ಜಗತ್ತಿನ ಎಷ್ಟೋ ದೇಶಗಳಲ್ಲಿ ನಡೆದಿದೆ, ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಅಪಾಯ ಇದು. ನಮ್ಮ ದೊಡ್ಡಮ್ಮ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಅದು ನಮ್ಮ ಪುಣ್ಯ.

ಚೀಟಿಯಲ್ಲಿ ಬರೆದಿರಲಿಲ್ಲವೇ ಎನ್ನುತ್ತೀರಿ. ಬರೆದಿತ್ತು. ಕಂಪ್ಯೂಟರಿನಲ್ಲಿ ಅಂದವಾಗಿ ಅಚ್ಚಾಗಿತ್ತು. 'ಒನ್ಸ್ ವೀಕ್ಲಿ' ಎಂದು. ಇಂಗ್ಲಿಷಿನಲ್ಲಿ!

ಗಮನಿಸಿ, ನಮ್ಮ ದೊಡ್ಡಮ್ಮ ಓದು ಬಾರದವರಲ್ಲ. ಕನ್ನಡದಲ್ಲಿ ಏಳನೇ ಕ್ಲಾಸು ಪಾಸು. ಬೆಳಿಗ್ಗೆ ಕಾಫಿಯ ಜೊತೆ 'ಆಂದೋಲನ'ವನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಓದುವವರು. 'ಬರೆದಿದ್ರಂತಲ್ಲ ಮಗಾ, ನಂಗೆ ಓದಕ್ಕೆ ಬರೋ ಹಾಗೆ ಬರೀಬಾರ್ದಿತ್ತಾ?' ಎಂದು ಹಾಸಿಗೆಯ ಮೇಲಿಂದ ಕೇಳಿದರು. ಉತ್ತರ ಹೇಳಿ ನೋಡೋಣ! ಏಳನೇ ಕ್ಲಾಸು ಓದಿದ ಹೆಂಗಸನ್ನು ಹೆಬ್ಬೆಟ್ಟು ಮಾಡಿದವರು ಯಾರು? ಅವರ ಊರಿನಲ್ಲೇ, ಅವರ ದುಡ್ಡಿನಲ್ಲೇ, ಅವರ ಕೈಗೇ ಕೊಟ್ಟ ಕಾಗದ ಅವರನ್ನು ಅನಕ್ಷರಸ್ಥೆ ಮಾಡಿತು.

ಇನ್ನೊಂದು ಕಥೆ ಕೇಳಿ. ನಮ್ಮ ಬೀದಿಯ ಹುಡುಗಿಯೊಬ್ಬಳು ಒಂದು ನರ್ಸಿಂಗ್ ಹೋಮಿನ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ. ಅಲ್ಲಿಗೆ ಹೊಸ ಸಾಫ್ಟ್‌ವೇರ್ ಬಂತು. ಕಂಪನಿಯವರು ನರ್ಸುಗಳನ್ನೂ ಕೌಂಟರಿನವರನ್ನೂ ಹೋಟೆಲಿಗೆ ಕರೆದು ಎರಡು ದಿನ ತರಬೇತಿ ಕೊಟ್ಟರು. ಹೊರರಾಜ್ಯದಿಂದ ಬಂದ ತರಬೇತುದಾರರು, ಇಂಗ್ಲಿಷ್ ಭಾಷಣ, ನಡುನಡುವೆ ಹಿಂದಿ ಜೋಕು. ಕೊನೆಗೆ ಒಂದು ಬ್ಯಾಗು, ಒಂದು ಪೆನ್ನು, ಒಂದು ಸರ್ಟಿಫಿಕೇಟು, ಗ್ರೂಪ್ ಫೋಟೋ. 'ಏನು ಕಲಿತೆಯಮ್ಮ?' ಎಂದು ಕೇಳಿದೆ. 'ಅರ್ಥ ಆಗಿದ್ದು ಊಟ ಒಂದೇ ಅಣ್ಣ' ಎಂದಳು. 'ಕೇಳಬಾರದಿತ್ತಾ?' ಎಂದರೆ, 'ಪ್ರಶ್ನೆ ಕೇಳೋಕೂ ಇಂಗ್ಲಿಷ್ ಬೇಕಲ್ಲಣ್ಣ' ಎಂದಳು.

ನಗಬೇಡಿ. ಮೂವತ್ತು ಮಂದಿ ಕೈ ಎತ್ತದೆ ಕೂತ ಆ ಹಾಲಿನಿಂದ ಎದ್ದು ಹೋದವರೇ ಮಾರನೆಯ ದಿನ ನಿಮ್ಮ ಅಪ್ಪನ ಅಲರ್ಜಿಯನ್ನೂ ನಿಮ್ಮ ಅಮ್ಮನ ಮಾತ್ರೆಯನ್ನೂ ಆ ಪರದೆಯ ಮೇಲೆ ತುಂಬುವವರು.

ಈಗ ದೊಡ್ಡಮ್ಮನ ಮಗನ ವಿಷಯಕ್ಕೆ ಬರೋಣ. ಅವನು ಬೆಂಗಳೂರಿನಲ್ಲಿ ಇಂಜಿನಿಯರು. ಏನು ಕೆಲಸ ಗೊತ್ತೇ? ಅಮೆರಿಕದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವುದು! ಮನೆಗೆ ಮಾರಿ, ಊರಿಗೆ ಉಪಕಾರಿ. ಅಮ್ಮನ ಚೀಟಿಯನ್ನು ಕೈಯಲ್ಲಿ ಹಿಡಿದು ಅವನೇ ಹೇಳಿದ, ಅಲ್ಲಿ ರೋಗಿಯ ಹೆಸರು ಬರೆದುಕೊಳ್ಳುವ ಪರದೆಯಲ್ಲೇ ಒಂದು ಕಂಡಿ ಇರುತ್ತದಂತೆ: 'ರೋಗಿ ಬಯಸುವ ಭಾಷೆ'. ೨೦೦೯ರಲ್ಲಿ ಅಮೆರಿಕ ಸರ್ಕಾರ ಆಸ್ಪತ್ರೆಗಳ ಗಣಕೀಕರಣಕ್ಕೆ ದುಡ್ಡು ಕೊಡುವ ಕಾನೂನು ಮಾಡಿತು. ಅದರ ನಿಯಮಗಳಲ್ಲಿ, ರೋಗಿಯ ಭಾಷೆ ಯಾವುದೆಂದು ದಾಖಲಿಸುವುದನ್ನೂ ಸೇರಿಸಿತು. ೨೦೧೦ರ ಆರೋಗ್ಯ ಕಾಯ್ದೆಯ ೧೫೫೭ನೇ ಸೆಕ್ಷನ್ನಿನಡಿ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಭಾಷೆಯ ನೆರವು ಕೊಡಲೇಬೇಕು.

ಅಂದರೆ ಇಂಗ್ಲಿಷಿನ ತವರಿನಂಥ ಅಮೆರಿಕದಲ್ಲಿ ಸ್ಪ್ಯಾನಿಷ್ ಅಜ್ಜಿಗೆ ಇರುವ ಮರ್ಯಾದೆ, ಕನ್ನಡದ ತವರಾದ ಮೈಸೂರಿನಲ್ಲಿ ಕನ್ನಡದ ಅಜ್ಜಿಗೆ ಇಲ್ಲ. ಆ ಕಂಡಿಯನ್ನು ಬರೆಯುವ ಕೈಗಳು ಎಷ್ಟೋ ಕನ್ನಡಿಗರವೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಅಲ್ಲವೇ?

'ಕನ್ನಡದಲ್ಲಿ ತಾಂತ್ರಿಕ ತೊಂದರೆ ಇದೆ' ಎಂದು ಕಂಪನಿಯವರು ಹೇಳುತ್ತಾರೆ. ಈ ಸುಳ್ಳನ್ನು ಇನ್ನೆಷ್ಟು ವರ್ಷ ಕೇಳಬೇಕು? ಒಂದು ಕಾಲದಲ್ಲಿ ತೊಂದರೆ ಇತ್ತು, ನಿಜ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಚುಕ್ಕಿ ಗೆರೆ. ಪೂರ್ಣಚಂದ್ರ ತೇಜಸ್ವಿಯವರಂಥವರು ಕನ್ನಡ ತಂತ್ರಾಂಶಕ್ಕಾಗಿ ಗಂಟಲು ಹರಿದುಕೊಂಡದ್ದು ಆ ಕಾಲದಲ್ಲಿ. ಕೆ.ಪಿ. ರಾವ್ ಕೀಲಿಮಣೆ ಕೊಟ್ಟರು, ೧೯೯೮ರಲ್ಲಿ 'ಬರಹ' ಬಂತು, ಗಣಕ ಪರಿಷತ್ತು 'ನುಡಿ' ಕೊಟ್ಟಿತು, ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೇ ಬಂದು ಕೂತಿತು. ಇವತ್ತು ನಿಮ್ಮ ಜೇಬಿನ ಫೋನು ಕನ್ನಡ ಬರೆಯುತ್ತದೆ. ಲಕ್ಷಾಂತರ ರೂಪಾಯಿಯ ಆಸ್ಪತ್ರೆ ಸಾಫ್ಟ್‌ವೇರಿಗೆ ಮಾತ್ರ ಬರುವುದಿಲ್ಲವಂತೆ!

ಅವರಿಗೆ 'ಭೂಮಿ'ಯನ್ನು ತೋರಿಸಿ. ಈ ಶತಮಾನದ ಆರಂಭದಲ್ಲೇ ಕರ್ನಾಟಕ ಸರ್ಕಾರ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ. ರೈತ ತಾಲ್ಲೂಕು ಕಚೇರಿಯಲ್ಲಿ ನಿಂತು ತನ್ನ ಹೆಸರನ್ನು ತಾನೇ ಓದಿಕೊಂಡ. ಹೊಲದ ಪತ್ರ ಕನ್ನಡದಲ್ಲಿ ಅಚ್ಚಾಗುವುದಾದರೆ, ಹೊಲದ ಯಜಮಾನನ ಔಷಧಿ ಚೀಟಿ ಯಾಕೆ ಆಗದು?

'ಡಾಕ್ಟರಿಗೆ ಕನ್ನಡ ಬರೆಯಲು ಪುರುಸೊತ್ತಿಲ್ಲ' ಎನ್ನುವುದು ಎರಡನೆಯ ನೆಪ. ಡಾಕ್ಟರು ಬರೆಯುವುದೇ ಬೇಡ. ಅವರು ಪರದೆಯ ಮೇಲೆ 'ವಾರಕ್ಕೊಮ್ಮೆ' ಎಂಬುದನ್ನು ಆರಿಸುತ್ತಾರೆ. ಕಂಪ್ಯೂಟರಿಗೆ ಅದೊಂದು ಸಂಕೇತ ಅಷ್ಟೇ. ಅಚ್ಚು ಹಾಕುವಾಗ ಆ ಸಂಕೇತದ ಎದುರು ಯಾವ ಭಾಷೆಯ ವಾಕ್ಯ ಇಟ್ಟಿರುತ್ತೀರೋ ಅದೇ ಬರುತ್ತದೆ. ಊಟಕ್ಕೆ ಮುಂಚೆ, ಊಟ ಆದ ಮೇಲೆ, ರಾತ್ರಿ ಮಲಗುವಾಗ, ನಾಲಗೆ ಕೆಳಗೆ ಇಟ್ಟುಕೊಳ್ಳಿ, ನುಂಗಬೇಡಿ, ವಾರಕ್ಕೆ ಒಂದೇ ದಿನ. ಹೆಚ್ಚಿನ ಚೀಟಿಗಳಿಗೆ ಇಂಥ ಕೆಲವು ಡಜನ್ ವಾಕ್ಯ ಸಾಕು. ಒಮ್ಮೆ ಬರೆದಿಟ್ಟರೆ ಮುಗಿಯಿತು. ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅಂಗಡಿಯವನಿಗೆ ಬೇಕು. ನುಂಗುವ ಕ್ರಮ ನುಂಗುವವರ ಭಾಷೆಯಲ್ಲಿರಲಿ.

ಒಂದು ಎಚ್ಚರಿಕೆ. ಇದನ್ನು ಯಂತ್ರದ ಅನುವಾದಕ್ಕೆ ಕೊಟ್ಟು ಕೈ ತೊಳೆದುಕೊಳ್ಳಲು ಬಿಡಬಾರದು. ಒಂದು ಪದ ತಪ್ಪಿದರೆ ಒಂದು ಜೀವ. ಔಷಧ ಬಲ್ಲವರು, ಕನ್ನಡ ಬಲ್ಲವರು ಒಟ್ಟಿಗೆ ಕೂತು ತಿದ್ದಬೇಕು. ಇಬ್ಬರಿಗೂ ಮೈಸೂರಿನಲ್ಲಿ ಬರವೇ? ೧೯೬೯ರಿಂದ ಭಾರತೀಯ ಭಾಷಾ ಸಂಸ್ಥಾನ ಇಲ್ಲೇ ಇದೆ. ಕನ್ನಡದ ಮಾತನ್ನೂ ಕಿವಿಯನ್ನೂ ಪರೀಕ್ಷಿಸಲು ಸಾಮಗ್ರಿ ಸಿದ್ಧಪಡಿಸಿದ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇದೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ೧೯೩೦ರಲ್ಲಿ ಇಲ್ಲಿಗೆ ಬಂದ ವೈದ್ಯಕೀಯ ಕಾಲೇಜು ಇದೆ, ಫಾರ್ಮಸಿ ಕಾಲೇಜು ಇದೆ. ಅನುಪಮಾ ನಿರಂಜನ, 'ರಾಶಿ' ಶಿವರಾಂ ಅವರಂಥ ಡಾಕ್ಟರರು ವೈದ್ಯವನ್ನು ಕನ್ನಡದಲ್ಲಿ ಬರೆದು ತೋರಿಸಿ ಎಷ್ಟು ಕಾಲವಾಯಿತು! ಮತ್ತು ತರುಣರೇ, ಇದು ನಿಮ್ಮ ಅನ್ನದ ಪ್ರಶ್ನೆ ಕೂಡ. ಕನ್ನಡದಲ್ಲಿ ತರಬೇತಿ ಕೊಡಬೇಕೆಂದರೆ ಕನ್ನಡ ಬಲ್ಲ ತರಬೇತುದಾರ ಬೇಕು. ಆ ನೌಕರಿ ನಿಮ್ಮದಲ್ಲದೆ ಇನ್ಯಾರದು?

ಕೇಳಿದರೆ ಸಿಗುತ್ತದೆಯೇ? ಸಿಗುತ್ತದೆ. ೨೦೨೧ರ ಮೇ ೧ರಿಂದ ಹದಿನೆಂಟು ದಾಟಿದವರಿಗೆ ಕೊರೊನಾ ಲಸಿಕೆ ಎಂದರು, ಕೋವಿನ್‌ನಲ್ಲಿ ಹೆಸರು ಬರೆಸಿ ಎಂದರು. ಅದರಲ್ಲಿ ಕನ್ನಡವೇ ಇರಲಿಲ್ಲ. ದೇಶದೆಲ್ಲೆಡೆ ಕೂಗೆದ್ದಿತು. ಇಂಗ್ಲಿಷ್ ಬಾರದವರ, ಇಂಟರ್ನೆಟ್ ಇಲ್ಲದವರ ಗತಿಯೇನು ಎಂದು ಮೇ ೩೧ರಂದು ಸುಪ್ರೀಂ ಕೋರ್ಟೇ ಪ್ರಶ್ನೆ ಎತ್ತಿತು. ಜೂನ್‌ನಲ್ಲಿ ಕನ್ನಡ ಬಂತು. ತಾಂತ್ರಿಕ ತೊಂದರೆ ಎಲ್ಲಿ ಹೋಯಿತು? ೨೦೨೨ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ. ಮನಸ್ಸು ಕೆಟ್ಟವರು ೧೪೪೧೬ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಅಳಬಹುದು. ಅಳುವ ಮಗುವಿಗೇ ಹಾಲು.

ಕಾನೂನೂ ನಮ್ಮ ಕಡೆಗಿದೆ. ಡಾಕ್ಟರು ತಕ್ಕಷ್ಟು ವಿವರ ಕೊಟ್ಟು, ರೋಗಿ ಅದನ್ನು ತೂಗಿ ನೋಡಿ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ ಎಂಬುದು ೨೦೦೮ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತಿರುಳು. ಓದಲು ಬಾರದ ಭಾಷೆಯ ಕಾಗದಕ್ಕೆ ಹಾಕಿದ ಸಹಿ ಎಂಥ ಒಪ್ಪಿಗೆ? ೨೦೨೪ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ಆಸ್ಪತ್ರೆಯ ಚೀಟಿ ಕನ್ನಡದಲ್ಲಿರಲಿ ಎಂದು ಆರೋಗ್ಯ ಸಚಿವರನ್ನು ಒತ್ತಾಯಿಸಿದರು. ಚೀಟಿಯನ್ನು ಅಚ್ಚು ಹಾಕುವ ಸಾಫ್ಟ್‌ವೇರಿಗೆ ಆ ಬುದ್ಧಿ ಕಲಿಸದೆ ಒತ್ತಾಯವೊಂದರಿಂದಲೇ ಅದು ಆಗದು.

ನಾವು ಎಡವಿದ್ದು ಇಲ್ಲೇ. ನಾಮಫಲಕಕ್ಕಾಗಿ ಬೀದಿಗಿಳಿದೆವು, ಲಾಠಿ ತಿಂದೆವು, ೨೦೨೪ರಲ್ಲಿ ಶೇಕಡ ೬೦ ಕನ್ನಡ ಎಂಬ ಕಾನೂನಾಯಿತು. ಒಳ್ಳೆಯದೇ. ಆದರೆ ಬೋರ್ಡಿನ ಕೆಳಗೆ ಬಾಗಿಲು ದಾಟಿ ಒಳಗೆ ಹೋದ ಮೇಲೆ ಕನ್ನಡ ಎಷ್ಟಿದೆ ಎಂದು ನೋಡಿದವರು ಯಾರು? ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ೨೦೨೧ರ ಸೆಪ್ಟೆಂಬರಿನಿಂದ ದೇಶದ ಆರೋಗ್ಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸುವ ಯೋಜನೆ ನಡೆದಿದೆ. ಈಗ ಕನ್ನಡ ಒಳಗೆ ಕೂರದಿದ್ದರೆ ಮುಂದೆ ಕೂರಿಸುವುದು ಹತ್ತು ಪಟ್ಟು ಕಷ್ಟ.

ಹಾಗಾದರೆ ಏನು ಮಾಡೋಣ?

ಒಂದು, ಆಸ್ಪತ್ರೆಗೆ ಹೋದಾಗ 'ನುಂಗುವ ಕ್ರಮವನ್ನು ಕನ್ನಡದಲ್ಲಿ ಕೊಡಿ' ಎಂದು ಕೇಳಿ. ಜಗಳ ಬೇಡ. ಕೌಂಟರಿನ ಹುಡುಗಿಯ ಮೇಲೆ ಕೂಗಾಡಬೇಡಿ, ಅವಳೂ ನಮ್ಮವಳೇ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಎರಡು, ಸರ್ಕಾರಿ ಆಸ್ಪತ್ರೆಗೆ ಸಾಫ್ಟ್‌ವೇರ್ ಕೊಳ್ಳುವ ಟೆಂಡರಿನಲ್ಲೇ ಮೂರು ಷರತ್ತು ಇರಲಿ ಎಂದು ಶಾಸಕರನ್ನು ಹಿಡಿಯಿರಿ: ರೋಗಿಯ ಭಾಷೆಯ ಕಂಡಿ, ಕನ್ನಡದ ಚೀಟಿ ಮತ್ತು ಒಪ್ಪಿಗೆ ಪತ್ರ, ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ. ಆ ಕಂಡಿ ತೆರೆದರೆ ನಮ್ಮ ಬೀದಿಯ ಉರ್ದು, ತಮಿಳಿನ ಮನೆಯವರಿಗೂ ಅವರವರ ಚೀಟಿ ಸಿಕ್ಕೀತು. ಸಿಗಲಿ. ಹುಣ್ಣಿಗೆ ಜಾತಿ ಭಾಷೆ ಇಲ್ಲ.

ಮೂರು, ಇದು ನಮಗೇ. ಉಚಿತ ತಪಾಸಣಾ ಶಿಬಿರ, ಕ್ರಿಕೆಟ್ ಪಂದ್ಯ, ಗಣೇಶೋತ್ಸವ, ರಾಜ್ಯೋತ್ಸವ ಎಂದು ಕಂಪನಿಯವರು ದುಡ್ಡು ಹಿಡಿದು ಬರುತ್ತಾರೆ. ಬರಲಿ, ತಪ್ಪೇನಿಲ್ಲ. ಆದರೆ ಬ್ಯಾನರು ಕಟ್ಟುವ ಮೊದಲು ಒಂದೇ ಮಾತು ಕೇಳಿ: 'ಸ್ವಾಮಿ, ನಿಮ್ಮ ಸಾಫ್ಟ್‌ವೇರ್ ಕನ್ನಡದಲ್ಲಿ ಚೀಟಿ ಕೊಡುತ್ತದೆಯೇ? ತೋರಿಸಿ.' ತೋರಿಸಿದರೆ ಬ್ಯಾನರು. ಇಲ್ಲವಾದರೆ ಬಿಸಿಬೇಳೆಬಾತಿಗೆ ನಾವೇ ಮನೆಮನೆಗೆ ಹೋಗಿ ಅಕ್ಕಿ ಎತ್ತೋಣ. ನಮ್ಮ ಬೀದಿಯಲ್ಲಿ ಈ ವರ್ಷ ಹೀಗೆಂದು ತೀರ್ಮಾನವಾಗಿದೆ. ನಿಮ್ಮ ಬೀದಿಯಲ್ಲಿ?

ದೊಡ್ಡಮ್ಮ ಈಗ ಚೇತರಿಸಿಕೊಂಡಿದ್ದಾರೆ. ಡಾಕ್ಟರರು ಪ್ರಮಾಣ ತಗ್ಗಿಸಿ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿದ್ದಾರೆ. ಮಾತ್ರೆಯ ಡಬ್ಬಿಯ ಮೇಲೆ ನಾನು ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ: 'ವಾರಕ್ಕೊಂದೇ. ಸೋಮವಾರ.' ಪ್ರತಿ ಸೋಮವಾರ ಅವರೇ ಓದಿ, ಅವರೇ ನುಂಗುತ್ತಾರೆ.

ಎರಡೇ ಎರಡು ಪದ. ಅಷ್ಟನ್ನು ಬರೆಯಲು ಆಸ್ಪತ್ರೆಯ ಕಂಪ್ಯೂಟರಿಗೆ ಬರುವವರೆಗೆ ನಾವು ಕೇಳುತ್ತಲೇ ಇರೋಣ.